ಗೋಡೆ ಕಡೆ ತಿರುಗಿದ ಫ್ಯಾನ್ ಕ್ಲಬ್

ನವೆಂಬರ್ 4, ಮಂಗಳವಾರ

…ಅದಕ್ಕೇ ಹೇಳಿದ್ದು, ಮಿಸ್ ನನ್ನನ್ನೇ ಆರಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಅಂತ. ಒಬ್ಬರನ್ನು ಸಪೋರ್ಟ್ ಮಾಡುವುದು ಹೇಗೆ ಅಂತ ಮುಂಬೈನ ಜೋಗೇಶ್ವರಿಯ ನಮ್ಮ ಇಡೀ ಕಲಾಶಾಲೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ರೋಶನ್ ಕೀ ರೋಶನಿ' ಗ್ರೂಪಿಗೆ ನಾನೇ ಅಡ್ಮಿನ್. ಹನ್ನೆರಡನೆಯ ಕ್ಲಾಸಿನ ರೋಶನ್ ಬಿಸ್ಕತ್ತಿನ ಜಾಹೀರಾತಿನಲ್ಲಿ ಮೂರು ಸೆಕೆಂಡ್ ಕಾಣಿಸಿಕೊಂಡಾಗ, ಅದನ್ನು ಸ್ಲೋ ಮೋಷನ್ನಿಗೆ ಎಳೆದು ಒಂದು ನಿಮಿಷದ ವಿಡಿಯೋ ಮಾಡಿದವಳು ನಾನು. ರೋಶನ್ ಅದಕ್ಕೆ ಒಂದು ಹೆಬ್ಬೆಟ್ಟು ಒತ್ತಿದ್ದ. ಅದರ ಸ್ಕ್ರೀನ್‌ಶಾಟ್ ಈಗಲೂ ನನ್ನ ವಾಲ್‌ಪೇಪರ್.

ಮಹಾದೇವಿ ಮಿಸ್ ನಮಗೆ ಅಭಿನಯ ಕಲಿಸುತ್ತಾರೆ. ವಿಜಯಪುರದ ಕಡೆಯವರು. ಮುಂಬೈಗೆ ಬಂದು ಯಾವ ಕಾಲವಾಯಿತೋ, ಈಗಲೂ ಅವರು ಹಿಂದಿಯಲ್ಲಿ ಬೈದರೆ ಅದರೊಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಇವತ್ತು ಕ್ಲಾಸ್ ಮುಗಿದ ಮೇಲೆ ನನ್ನನ್ನು ಕರೆದರು.

"ಧಾತ್ರಿ, ಸಾಥಿ ಸ್ಕೀಮಿನಾಗ ನಿನ್ನನ್ನೂ ದಾನೇಶ್ವರಿನ್ನೂ ಜೋಡಿ ಮಾಡೀನಿ. ಡಿಸೆಂಬರ್ ಪ್ರಾಕ್ಟಿಕಲ್ ತನಕ ಕೂಡಿ ಕೆಲಸ ಮಾಡ್ರಿ. ಇಬ್ಬರಿಗೂ ಛಲೋ ಆಗ್ತದ."

ಹಿಂದೆ ಬಿದ್ದ ಮಕ್ಕಳನ್ನು ಇನ್ನೊಬ್ಬ ವಿದ್ಯಾರ್ಥಿಯ ಕೈಗೆ ಒಪ್ಪಿಸುವುದೇ ಸಾಥಿ ಸ್ಕೀಮ್. 'ಇಬ್ಬರಿಗೂ' ಅಂದದ್ದು ಮಿಸ್ ಅವರ ದೊಡ್ಡತನ.

ದಾನೇಶ್ವರಿ ನನ್ನದೇ ಹನ್ನೊಂದನೆಯ ಕ್ಲಾಸು, ಕೊನೇ ಬೆಂಚು. ಕಳೆದ ಪ್ರಾಕ್ಟಿಕಲ್‌ನಲ್ಲಿ ಸ್ಟೇಜಿನ ಮೇಲೆ ಬಂದು ನಿಂತಳು. ನಿಂತೇ ಇದ್ದಳು. ಕರೆದುಕೊಂಡು ಹೋಗಲು ಮಿಸ್ಸೇ ಬರಬೇಕಾಯಿತು. ಇನ್ನೊಂದು ಸಲ ಫೇಲಾದರೆ ನಮ್ಮ ಶಾಲೆಯಲ್ಲಿ ಸೀಟು ಹೋಗುತ್ತದೆ. ಪಾಪ.

ನನಗೂ ಡಿ ಬಂದಿತ್ತು ಅನ್ನುವುದು ಬೇರೆ ವಿಷಯ. ಮಗುವನ್ನು ಕಳೆದುಕೊಂಡ ತಾಯಿಯ ಪಾತ್ರದಲ್ಲಿ ನಾನು ರೋಶನ್ ಥರ ಹಣೆಯ ಕೂದಲನ್ನು ಉಫ್ ಅಂತ ಊದಿ ಹಾರಿಸಿದೆ. ಪರೀಕ್ಷಕರಿಗೆ ರೆಫರೆನ್ಸ್ ಗೊತ್ತಾಗಲಿಲ್ಲ.

(ಇದನ್ನೆಲ್ಲ ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಯಕ್ಷಿತಾ. ಅವಳು ನನ್ನ ಬೆಸ್ಟ್ ಫ್ರೆಂಡ್, ಗ್ರೂಪಿನ ಎರಡನೇ ಅಡ್ಮಿನ್. ಯಾರ ಬ್ಯಾಗಿಗೆ ಬೇಕಾದರೂ ಕೈ ಹಾಕುತ್ತಾಳೆ. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಮೈಸೂರಿಗೆ ಕರೆಸಿ ಕಾಗುಣಿತ ತಿದ್ದಿಸಿದ ಅಜ್ಜಿಗೆ ಥ್ಯಾಂಕ್ಸ್.)

ನವೆಂಬರ್ 6, ಗುರುವಾರ

ಪ್ಲಾನ್ ರೆಡಿ. 'ದಾನೇಶ್ವರಿ ದರ್ಬಾರ್' ಅಂತ ಹೊಸ ಗ್ರೂಪ್ ಮಾಡಿ ರೋಶನಿ ಗ್ರೂಪಿನ ಎಲ್ಲರನ್ನೂ ಎಳೆದು ಹಾಕಿದೆ. ಇಬ್ಬರು ತಕ್ಷಣ ಬಿಟ್ಟು ಹೋದರು, ಮತ್ತೆ ಎಳೆದು ಹಾಕಿದೆ. ದಾನೇಶ್ವರಿಯ ಐಡಿ ಕಾರ್ಡಿನ ಫೋಟೋ ದೊಡ್ಡದು ಮಾಡಿ, ಹಿಂದೆ ಚಿನ್ನದ ರೆಕ್ಕೆ ಅಂಟಿಸಿ ಪೋಸ್ಟರ್ ಮಾಡಿದೆ.

ಮಧ್ಯಾಹ್ನ ಅವಳಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಇದು ನಾನs ಏನು?"

"ನೀನೇ! ಹೇಗಿದೆ?"

"ಸತ್ತವ್ರ ಫೋಟೋ ಇದ್ದಂಗ ಐತಿ."

ನರ್ವಸ್ ಆಗಿದ್ದಾಳೆ. ಹೊಸಬರಿಗೆ ಪ್ರೀತಿ ತಡೆದುಕೊಳ್ಳುವುದು ಕಷ್ಟ.

ನವೆಂಬರ್ 11, ಮಂಗಳವಾರ

ಇವತ್ತು ಅವಳ ಮೊದಲ ರಿಹರ್ಸಲ್. ಮಿಸ್ ಅವಳಿಗೆ ಕೊಟ್ಟಿರುವ ದೃಶ್ಯ ಹೀಗಿದೆ: ಹಳೇ ಬಿಲ್ಡಿಂಗೊಂದು ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ, ಅಂದರೆ ಕೆಡವಿ ಹೊಸದು ಕಟ್ಟುತ್ತಾರೆ. ಅಲ್ಲಿರುವ ಮುದುಕಿಯೊಬ್ಬಳು ಹೌಸಿಂಗ್ ಸೊಸೈಟಿ ಮೀಟಿಂಗಿಗೆ ಬಂದು, ನಾನು ಮನೆ ಬಿಡುವುದಿಲ್ಲ ಅನ್ನುತ್ತಾಳೆ. ಸೆಕ್ರೆಟರಿಗೆ ಎರಡೋ ಮೂರೋ ಮಾತು, ಉಳಿದದ್ದೆಲ್ಲ ಮುದುಕಿಯದೇ. ಎಲ್ಲ ಹಿಂದಿಯಲ್ಲಿ.

ನಾನು ದರ್ಬಾರಿನವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಬ್ಯಾನರ್ ಇತ್ತು. ಬ್ಯಾಟರಿ ಹಾಕಿದ ಹೊಳೆಯುವ ಕಡ್ಡಿಗಳಿದ್ದವು. ಅವಳು ಹೆಜ್ಜೆ ಇಟ್ಟಳೋ ಇಲ್ಲವೋ, ನಾವು ಶುರು: "ದಾ-ನೇ-ಶ್ವ-ರೀ! ದಾ-ನೇ-ಶ್ವ-ರೀ!" ಯಕ್ಷಿತಾ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು. ಎಲ್ಲರ ಫೋನುಗಳೂ ಮೇಲೆದ್ದವು.

ದಾನೇಶ್ವರಿ ನಮ್ಮನ್ನು ನೋಡಿದಳು. ಪಕ್ಕಕ್ಕೆ ತಿರುಗಿದಳು. ಸ್ಟೇಜ್ ಇಳಿದು, ಕಾರಿಡಾರ್ ದಾಟಿ, ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು.

"ಎಂಥ ಮಾರಾಯ್ತಿ ಇವಳು! ನಮ್ಮನ್ನು ಸೀನ್ ಮಾಡಿ ರಿಪ್ಲೈ ಕೊಡದೆ ಹೋದ್ಲು," ಅಂದಳು ಯಕ್ಷಿತಾ.

ನಾನು ಬಾತ್‌ರೂಮಿನ ಹೊರಗೆ ನಿಂತು ಬಾಗಿಲ ಸಂದಿಯಲ್ಲಿ ಹೊಳೆಯುವ ಕಡ್ಡಿ ಅಲ್ಲಾಡಿಸಿದೆ, ಧೈರ್ಯ ಬರಲಿ ಅಂತ.

ಒಳಗಿನಿಂದ: "ಏ ತಾಯಿ, ನಿನಗ ಕೈ ಮುಗೀತೀನಿ, ಅದನ್ನ ಆರಿಸು."

ನವೆಂಬರ್ 12, ಬುಧವಾರ

ಇವತ್ತು ಇನ್ನೂ ಜೋರಾಗಿ ಕೂಗಿದೆವು. ಇನ್ನೂ ಬೇಗ ಓಡಿದಳು.

ನವೆಂಬರ್ 14, ಶುಕ್ರವಾರ

ಮಿಸ್ ಕರೆದು ಬೈದರು. "ಆಕಿಗಿ ಸಾಥಿ ಆಗು ಅಂದ್ರ, ನೀ ಆಕಿ ಮ್ಯಾಲ ಮೆರವಣಿಗಿ ತಗದೀಯಲ್ಲ ಧಾತ್ರಿ!"

ನಾನೂ ಸುಮ್ಮನಿರಲಿಲ್ಲ. "ಮಿಸ್, ಎನ್‌ಕರೇಜ್‌ಮೆಂಟ್ ಇಲ್ಲದೆ ಯಾರಾದ್ರೂ ಬೆಳೆಯೋಕಾಗುತ್ತಾ?"

"ಆಕಿ ಮನಿಗಿ ಹೋಗಿ ಬಾ. ಬ್ಯಾನರ್ ಇಲ್ಲದ ಹೋಗು."

ಶಾಲೆ ಬಿಟ್ಟಾಗ ಗೇಟಿನ ಹತ್ತಿರ ದಾನೇಶ್ವರಿ ಸಿಕ್ಕಳು. ಸೀಟು ಹೋದರೆ ಏನು ಮಾಡುತ್ತೀ ಅಂತ ಕೇಳಿದೆ. ಇನ್ನೊಂದು ಕಾಲೇಜು ಅನ್ನುತ್ತಾಳೆ ಅಂದುಕೊಂಡಿದ್ದೆ.

"ಊರಿಗಿ ಕಳಸ್ತಾರ. ಸಿಂದಗಿಗಿ, ಅತ್ತಿ ಮನಿಗಿ. ಇಲ್ಲಿ ಒಂದs ಖೋಲಿ, ಜಾಗಾ ಇಲ್ಲ. ಈ ಸಾಲಿ ಸಿಕ್ಕೈತಿ ಅಂತ ಇಟ್ಕೊಂಡಾರ."

ಅಷ್ಟು ಹೇಳಿ ಬ್ಯಾಗು ಹೆಗಲಿಗೇರಿಸಿ ಹೋದಳು. ಇವತ್ತು ಗ್ರೂಪಿನಲ್ಲಿ ಏನೂ ಹಾಕಲಿಲ್ಲ. ಮನಸ್ಸಾಗಲಿಲ್ಲ.

ನವೆಂಬರ್ 16, ಭಾನುವಾರ

ಇವತ್ತಿನದು ಉದ್ದ ಬರೆಯುತ್ತೇನೆ. ಅಮ್ಮ ಊಟಕ್ಕೆ ಕರೆದಾಯಿತು, ಕರೆಯಲಿ.

ದಾನೇಶ್ವರಿಯ ಮನೆ ಜೋಗೇಶ್ವರಿಯ ಒಂದು ಚಾಳಿನಲ್ಲಿ, ಶಾಲೆಯಿಂದ ಹತ್ತಿರವೇ. ಒಂದೇ ಕೋಣೆ. ಅವಳ ಅಪ್ಪ ಬಂಡೆಪ್ಪ ಬಿಲ್ಡಿಂಗ್ ಸೈಟಿನಲ್ಲಿ ಗಾರೆ ಕೆಲಸ ಮಾಡುತ್ತಾರೆ, ಅಮ್ಮ ದೇವಕ್ಕ ಅಲ್ಲೇ ಅಡುಗೆ. ಅವರಲ್ಲದೆ ಅಜ್ಜಿ, ಇಬ್ಬರು ತಮ್ಮಂದಿರು, ಊರಿನಿಂದ ಬಂದ ಚಿಕ್ಕಪ್ಪ. ನನಗೆ ಒಳಗೆ ಜಾಗವಾಗಲಿ ಅಂತ ಸ್ಟೂಲನ್ನು ಹೊರಗಿಟ್ಟರು.

"ಬಾರs ತಂಗಿ, ಕುಂದ್ರು. ಚಹಾ ಕುಡಿ," ಅಂತ ದೇವಕ್ಕ ಬಸಿ ತುಂಬಾ ಚಹಾ ಕೊಟ್ಟರು.

ಅಷ್ಟರಲ್ಲಿ ಬಂಡೆಪ್ಪ ಕೆಲಸದಿಂದ ಬಂದರು. ಮೂಲೆಯಲ್ಲಿ ಸ್ನಾನಕ್ಕಿರುವ ಮೋರಿಯ ಹತ್ತಿರ ಬಕೆಟ್ ಎಳೆದುಕೊಂಡು "ಗೋಡಿ" ಅಂದರು. ಅಷ್ಟೇ. ಒಂದೇ ಶಬ್ದ. ಕೋಣೆಯಲ್ಲಿದ್ದವರೆಲ್ಲ ಕೂತಲ್ಲೇ ತಿರುಗಿ ಗೋಡೆಗೆ ಮುಖ ಮಾಡಿದರು. ಅಜ್ಜಿ ಕೂಡ. ತಮ್ಮಂದಿರು ಮೊಬೈಲಿನಲ್ಲಿ ಆಡುತ್ತಿದ್ದ ಆಟವನ್ನೂ ನಿಲ್ಲಿಸದೆ ತಿರುಗಿದರು. ನಾನೊಬ್ಬಳು ಬಸಿ ಹಿಡಿದುಕೊಂಡು ಬಂಡೆಪ್ಪನವರನ್ನೇ ನೋಡುತ್ತಾ ಕೂತಿದ್ದೆ. ಅವರು ಅಂಗಿಯ ಎರಡನೇ ಗುಂಡಿಗೆ ಬಂದಿದ್ದರು. ನನ್ನನ್ನು ನೋಡಿದರು. ಮೊದಲನೇ ಗುಂಡಿಯನ್ನು ಮತ್ತೆ ಹಾಕಿಕೊಂಡರು.

ದೇವಕ್ಕ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ನಲ್ಲಿ ತಿರುಗಿಸಿದ ಹಾಗೆ ಗೋಡೆಯ ಕಡೆ ತಿರುಗಿಸಿದರು. ಬಸಿಯ ಚಹಾ ಎಲ್ಲ ನನ್ನ ಕುರ್ತಾದ ಮೇಲೆ.

ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ನವೆಂಬರಿನ ಎಲ್ಲ ಹಬ್ಬ, ಏಕಾದಶಿ, ಅಮಾವಾಸ್ಯೆ ಈಗ ನನಗೆ ಬಾಯಿಪಾಠ.

ಇದು ಅವರ ಮನೆಯ ಪದ್ಧತಿಯಂತೆ. ಬಾಗಿಲಿರುವ ಇನ್ನೊಂದು ಕೋಣೆ ಇಲ್ಲ. ಬಟ್ಟೆ ಬದಲಿಸಬೇಕಾದರೂ ಅಳಬೇಕಾದರೂ "ಗೋಡಿ" ಅಂದರೆ ಆಯಿತು. ಉಳಿದವರು ತಿರುಗುತ್ತಾರೆ, ಏನು ಎತ್ತ ಅಂತ ಕೇಳುವುದಿಲ್ಲ. ನಮ್ಮ ಪವಾಯಿಯ ಫ್ಲ್ಯಾಟಿನಲ್ಲಿ ನನಗೊಂದು ರೂಮಿದೆ, ಬಾಗಿಲಿದೆ, ಅಮ್ಮ ಅದನ್ನು ತಟ್ಟದೆಯೇ ಒಳಗೆ ಬರುತ್ತಾಳೆ.

"ಇಕಿ ಪಾಠ ಹೇಳೂ ಮುಂದೂ ಹಂಗs," ಅಂದರು ದೇವಕ್ಕ. "ಗೋಡಿ ಅಂತಾಳ. ನಾವು ಹೊಳ್ಳಿ ಕುಂತು ಕೇಳತೀವಿ. ಸಾಲಿಗಿ ಸೇರಾಕ ವಿಡಿಯೋ ಕಳಸೂ ಮುಂದೂ ಅವರಪ್ಪ ಗೋಡಿ ಕಡಿ ಮಾರಿ ಮಾಡಿ ಮೊಬೈಲ್ ಹಿಡಿದಿದ್ದ. ಅರ್ಧ ಫ್ಯಾನ್ ಬಂದಿತ್ತು, ಅರ್ಧ ಇಕಿ ಬಂದಿದ್ಳು."

"ಮಿಸ್‌ಗ ದನಿ ಅಷ್ಟs ಸಾಕಾತು," ಅಂದಳು ದಾನೇಶ್ವರಿ.

"ಈಗ ಮಾಡೇ," ಅಂದೆ ನಾನು.

ಅವಳು ನನ್ನನ್ನೇ ನೋಡಿದಳು. ಆಮೇಲೆ, "ಗೋಡಿ."

ಎಲ್ಲರೂ ತಿರುಗಿದೆವು, ಈ ಸಲ ನಾನೂ. ಮತ್ತೆ ಅದೇ ಕ್ಯಾಲೆಂಡರ್. ಹಿಂದಿನಿಂದ ಆ ಮುದುಕಿ ಶುರು ಮಾಡಿದಳು. ಅಯ್ಯೋ, ಅದನ್ನು ಹೇಗೆ ಬರೆಯುವುದು? ಸ್ಟ್ಯಾಂಡಿನ ಮೇಲಿನ ತಟ್ಟೆಗಳು ಗಲಗಲ ಅಂದವು. ಪಕ್ಕದ ಮನೆಯವರು ಟಿವಿ ಸಣ್ಣ ಮಾಡಿದರು. ಚಿಕ್ಕಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ ಮೂಗು ಒರೆಸಿಕೊಂಡರು. ನಾನು ಫೋನ್ ಎತ್ತಲಿಲ್ಲ. ಎತ್ತಿದ್ದರೂ ಕ್ಯಾಲೆಂಡರ್ ಮಾತ್ರ ಬರುತ್ತಿತ್ತು.

ನವೆಂಬರ್ 19, ಬುಧವಾರ

ದರ್ಬಾರಿನ ತುರ್ತು ಸಭೆ ಕರೆದೆ. ಇನ್ನು ಮೇಲೆ ಎಲ್ಲರೂ ಬೆನ್ನು ತಿರುಗಿಸಿ ಕೂರಬೇಕು, ಕೂಗಬಾರದು, ಫೋನ್ ಬ್ಯಾಗಿನಲ್ಲಿ.

"ನೋಡದೆ ಫ್ಯಾನ್ ಆಗುದು ಹೇಗೆ ಮಾರಾಯ್ತಿ?" ಯಕ್ಷಿತಾ ಕೇಳಿದಳು. "ರೇಡಿಯೋ ಕಾಲವಾ ಇದು?"

ಶಾಲೆಯ ಟೆರೇಸಿನಲ್ಲಿ ನೀರಿನ ಟ್ಯಾಂಕಿಗೆ ಮುಖ ಮಾಡಿ ಸಾಲಾಗಿ ಕೂತೆವು. ದಾನೇಶ್ವರಿ ನಮ್ಮ ಹಿಂದೆ ನಿಂತು ಶುರುಮಾಡಿದಳು. ಮುಗಿದಾಗ ಯಾರೂ ಸೀಟಿ ಹೊಡೆಯಲಿಲ್ಲ. ಯಕ್ಷಿತಾ ಟ್ಯಾಂಕನ್ನೇ ನೋಡುತ್ತಾ, "ನನ್ನ ಅಜ್ಜಿಗೆ ಫೋನ್ ಮಾಡದೆ ಎಷ್ಟು ದಿನ ಆಯ್ತು," ಅಂದಳು.

ಮಿಸ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರಂತೆ. "ಛಲೋ. ಆದ್ರ ಪರೀಕ್ಷಾದಾಗ ಪರೀಕ್ಷಕರಿಗೂ ಟ್ಯಾಂಕ್ ತೋರಸ್ತೀರೇನು?" ಅಂದರು.

ಅದೂ ಸರಿ.

ನವೆಂಬರ್ 25, ಮಂಗಳವಾರ

ಹೊಸ ಉಪಾಯ: ದಿನಕ್ಕೆ ಒಬ್ಬಿಬ್ಬರು ಮಾತ್ರ ತಿರುಗಿ ಅವಳನ್ನು ನೋಡುವುದು. ನಿನ್ನೆ ಯಕ್ಷಿತಾ ತಿರುಗಿದಳು, ದಾನೇಶ್ವರಿ ತಡವರಿಸಿದರೂ ನಡೆಸಿಕೊಂಡು ಹೋದಳು. ಇವತ್ತು ನನ್ನ ಸರದಿ. ನಾನು ತಿರುಗಿದ್ದೇ ತಡ, ನಿಂತಳು.

"ನೀ ಬ್ಯಾಡ."

"ಯಾಕೆ?"

"ಉಳಿದಾವ್ರು ನೋಡತಾರ. ನೀ ನೋಡಂಗಿಲ್ಲ, ನುಂಗತಿ."

ನಾನು ಕೆಳಗೆ ಬಂದು ಕ್ಯಾಂಟೀನಿನಲ್ಲಿ ಒಬ್ಬಳೇ ವಡಾಪಾವ್ ತಿಂದೆ. ಎರಡು ತಿಂದೆ. ಇಷ್ಟೆಲ್ಲ ಮಾಡಿದವಳು ನಾನು, ನಾನೇ ಬೇಡವಂತೆ.

ನವೆಂಬರ್ 26, ಬುಧವಾರ

ಬೆಳಿಗ್ಗೆ ಅವಳೇ ನನ್ನ ಬೆಂಚಿಗೆ ಬಂದಳು.

"ಸಿಟ್ಟು ಬಂತೇನು?"

"ಇಲ್ಲಪ್ಪ."

"ಮೂಗು ನೋಡು, ಬದನಿಕಾಯಿ ಆಗೈತಿ." ಪಕ್ಕದಲ್ಲಿ ಕೂತಳು. "ಹಂಗs ಕಣ್ಣು ಬಿಟ್ಟು ಕುಂದ್ರಬ್ಯಾಡ, ಏನರೆ ಕೆಲಸ ಮಾಡು. ಸೆಕ್ರೆಟರಿ ಆಗು. ನಾ ಹೇಳೂದು ಕೇಳು, ಕೇಳಿ ಜವಾಬ್ ಕೊಡು. ರೋಶನ್‌ನಂಗ ಕೂದಲಾ ಊದಬ್ಯಾಡ."

ಸರಿ, ಅವಳಿಗೆ ಸಹಾಯವಾಗುವುದಾದರೆ ಯಾಕೆ ಆಗಬಾರದು? ನಾನು ಸೆಕ್ರೆಟರಿಯಾದೆ. ಮೊದಲ ಸಲ ನಾನು ಅವಳ ಮಾತು ಮುಗಿಯುವ ಮೊದಲೇ ಜವಾಬು ಕೊಟ್ಟೆ. ಎರಡನೇ ಸಲವೂ. "ನಿನ್ನ ಟ್ರೇನ್ ಬಿಡಾಕತ್ತೈತೇನು?" ಅಂದಳು. ಮತ್ತೆ ಮಾಡಿಸಿದಳು. ಮತ್ತೆ. ಪಾಪ, ಅವಳಿಗೆ ಎಷ್ಟು ಪ್ರಾಕ್ಟೀಸ್ ಬೇಕು!

ನವೆಂಬರ್ 30, ಭಾನುವಾರ

ಯಕ್ಷಿತಾ ಫೋನ್ ಮಾಡಿ ಕಿರುಚಿದಳು. ನಿನ್ನೆ ರೋಶನ್ ಬರ್ತ್‌ಡೇ ಆಗಿತ್ತಂತೆ. ಅಡ್ಮಿನ್ ಕಡೆಯಿಂದ ಒಂದು ಕೇಕಿನ ಇಮೋಜಿಯೂ ಇಲ್ಲ. ಗ್ರೂಪಿನಲ್ಲಿ ನನ್ನನ್ನು ತೆಗೆದುಹಾಕಬೇಕು ಅಂತ ಪೋಲ್ ನಡೆಯುತ್ತಿದೆಯಂತೆ.

ನಿನ್ನೆ ಇಡೀ ದಿನ ನಾನು ಅಮ್ಮನ ಜೊತೆ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿದ್ದೆ. ನಮ್ಮ ಸೆಕ್ರೆಟರಿ ಯಾರು ಮಾತಾಡಿದರೂ ತಲೆ ಎತ್ತುವುದಿಲ್ಲ, ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡುತ್ತಾರೆ. ಟಕ್, ಟಕ್. ಮುಂದೆ ಅತ್ತರೂ ಟಕ್. ಅದನ್ನು ದಾನೇಶ್ವರಿಗೆ ಹೇಳಬೇಕು.

ಇನ್ನೊಂದು: ಪರೀಕ್ಷೆಯ ದಿನ ಸೊಸೈಟಿಯ ಮೆಂಬರುಗಳಾಗಿ ಮುಂದಿನ ಸಾಲಿನಲ್ಲಿ ದರ್ಬಾರಿನವರು ಕೂರಬಹುದು, ಸೆಕ್ರೆಟರಿ ನಡುವಿನ ಕುರ್ಚಿಯಲ್ಲಿ, ಅಂತ ಮಿಸ್ ಒಪ್ಪಿದ್ದಾರೆ. "ಆದ್ರ ಎಲ್ಲಾರೂ ಸ್ಟೇಜಿನ ಕಡೆ ಮಾರಿ ಮಾಡಿ!" ಅಂತ ಬೆರಳು ತೋರಿಸಿ ಹೇಳಿದ್ದಾರೆ.

ಡಿಸೆಂಬರ್ 5, ಶುಕ್ರವಾರ

ಬೇಗ ಬೇಗ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಆದರೆ ಆಗಲಿ.

ಹಾಲಿನ ಮುಂದಿನ ಸಾಲಿನಲ್ಲಿ ನಾವು. ನಮ್ಮ ಹಿಂದೆ ಮೇಜು ಹಾಕಿಕೊಂಡು ಪುಣೆಯಿಂದ ಬಂದ ವಯಸ್ಸಾದ ಪರೀಕ್ಷಕರು, ಪಕ್ಕದಲ್ಲಿ ಮಿಸ್. ಕೊನೆಯಲ್ಲಿ ಲೈಟ್ ಬೋರ್ಡಿನ ಹತ್ತಿರ ರೋಶನ್, ಸೀನಿಯರ್‌ಗಳಿಗೆ ಆ ಡ್ಯೂಟಿ ಇರುತ್ತದೆ.

ದಾನೇಶ್ವರಿ ಬಂದಳು. ದೇವಕ್ಕನ ಹಳೇ ಇಳಕಲ್ ಸೀರೆ ಉಟ್ಟಿದ್ದಳು. ನಿಂತಳು. ನಮ್ಮನ್ನು ನೋಡಿದಳು, ಪರೀಕ್ಷಕರನ್ನು ನೋಡಿದಳು. ನಿಂತೇ ಇದ್ದಳು.

ನಾನು ಸೆಕ್ರೆಟರಿಯ ಮಾತು ಎಸೆದೆ: "ಹೇಳಿ ಅಜ್ಜಿ, ಬೇಗ ಹೇಳಿ." ಇಲ್ಲ. ಇನ್ನೊಮ್ಮೆ ಎಸೆದೆ. ಇಲ್ಲ. ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಆ ಬಾಗಿಲಿನಿಂದ ಕಾರಿಡಾರ್, ಕಾರಿಡಾರಿನಿಂದ ಬಾತ್‌ರೂಮ್, ಬಾತ್‌ರೂಮಿನಿಂದ ಸೀದಾ ಸಿಂದಗಿ. ನನಗೆ ಎಲ್ಲ ಕಾಣಿಸಿತು. ಹಿಂದೆ ಪರೀಕ್ಷಕರು ಕಾಗದ ಮಗುಚಿದ ಸದ್ದು.

ನಾನು ಎದ್ದೆ. ಕಬ್ಬಿಣದ ಕುರ್ಚಿಯನ್ನು ಕರ್ರ್ ಅಂತ ಎಳೆದು ತಿರುಗಿಸಿದೆ. ಸ್ಟೇಜಿಗೆ ಬೆನ್ನು ಹಾಕಿ ಕೂತು, ಮೆಲ್ಲಗೆ "ಗೋಡಿ" ಅಂದೆ.

ಕರ್ರ್, ಕರ್ರ್, ಕರ್ರ್. ಇಡೀ ದರ್ಬಾರ್ ತಿರುಗಿತು.

ನಾವು ಯೋಚನೆ ಮಾಡದೇ ಇದ್ದದ್ದು ಒಂದೇ. ಇಲ್ಲಿ ಹಿಂದೆ ಗೋಡೆ ಇರಲಿಲ್ಲ, ಪರೀಕ್ಷಕರಿದ್ದರು. ಒಂದು ಮೊಳ ದೂರದಲ್ಲಿ, ಮುಖಕ್ಕೆ ಮುಖ. ಅವರು ಕನ್ನಡಕ ತೆಗೆದರು. ಯಕ್ಷಿತಾ ಅವರಿಗೆ ನಮಸ್ಕಾರ ಮಾಡಿದಳು.

"ಹೇ ಕಾಯ್ ಆಹೆ?" ಪರೀಕ್ಷಕರು ಮಿಸ್ಸನ್ನು ಕೇಳಿದರು. "ಇದೇನು, ಬಹಿಷ್ಕಾರವೇ?"

ಮಿಸ್ ಕಣ್ಣು ಮುಚ್ಚಿಕೊಂಡಿದ್ದರು. ಹಾಲಿನ ಕೊನೆಯಿಂದ ರೋಶನ್ ನನಗೇ ಕೈ ಮಾಡಿ, "ಏ, ಉಲ್ಟಾ ಕ್ಯೂಂ ಬೈಠೀ ಹೋ?" ಅಂದ, ಯಾಕೆ ಹಿಂದುಮುಂದಾಗಿ ಕೂತಿದ್ದೀ ಅಂತ.

"ಶ್ಶ್," ಅಂದೆ. "ನೀನೂ ತಿರುಗು."

ತಿರುಗಿದ. ತಿರುಗುವಾಗ ಮೊಣಕೈ ತಾಗಿ ಅರ್ಧ ಸ್ಟೇಜು ಕತ್ತಲಾಯಿತು.

ಆಗ ಬಂತು ಬೆನ್ನ ಹಿಂದಿನಿಂದ. ಮೊದಲು ಉಸಿರು. ಆಮೇಲೆ ಆ ಮುದುಕಿ. ಈ ಮೆಟ್ಟಿಲು ನನ್ನ ಮಂಡಿಯನ್ನು ತಿಂದಿದೆ, ಈ ಕಿಟಕಿಯಲ್ಲಿ ನನ್ನ ಗಂಡ ಕೊನೆಯ ಸಲ ಕೆಮ್ಮಿದ್ದಾನೆ, ಇದನ್ನೆಲ್ಲ ಯಾವ ಬಿಲ್ಡರ್ ಕಟ್ಟಿಕೊಡುತ್ತಾನೆ? ಪರೀಕ್ಷಕರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ನನಗೆ ಕಾಣುತ್ತಿದ್ದದ್ದು ಅವರ ಮುಖ ಮಾತ್ರ.

ನಾನು ತಲೆ ತಗ್ಗಿಸಿದೆ. ಪೆನ್ನಿನ ಕ್ಯಾಪ್ ತೆಗೆದೆ, ಹಾಕಿದೆ. ಟಕ್. "ಅಜ್ಜಿ, ಇದು ಅಜೆಂಡಾದಲ್ಲಿಲ್ಲ." ಟಕ್.

ಮಾತು ನಿಂತಿತು. ಮುಂದಿನ ಸಾಲು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಅವಳು ಹೇಳಿದ್ದು ಅದಲ್ಲ, ಹಿಂದಿಯಲ್ಲೂ ಅಲ್ಲ.

"ಏ ಸೆಕ್ರೆಟರಿ! ನನ್ನ ಮನಿ ಕೆಡವಾಕ ಬಂದಾಕಿ, ಬೆನ್ನ ತೋರಸ್ತಿಯೇನು? ಹೊಳ್ಳು ಈ ಕಡಿ! ನನ್ನ ಮಾರಿ ನೋಡಿ ಹೇಳು!"

ಅವಳು ಮುದುಕಿಯಾಗಿ ಹೇಳಿದಳೋ ದಾನೇಶ್ವರಿಯಾಗಿ ಹೇಳಿದಳೋ ನನಗೆ ತಿಳಿಯಲಿಲ್ಲ. ತಿರುಗಿದೆ. "ಎಲ್ಲಾರೂ ಹೊಳ್ರಿ!" ಅಂದಳು. ಕರ್ರ್, ಕರ್ರ್. ಎಲ್ಲರೂ ತಿರುಗಿದರು. ನಮ್ಮೆಲ್ಲರ ಕಣ್ಣೂ ಅವಳ ಮೇಲೆ, ಪರೀಕ್ಷಕರದ್ದೂ. ಅವಳು ಅರ್ಧ ಬೆಳಕು, ಅರ್ಧ ಕತ್ತಲಲ್ಲಿ ನಿಂತು, ಒಬ್ಬೊಬ್ಬರನ್ನೂ ನೋಡಿ, ಕೊನೇ ಮಾತಿನವರೆಗೂ ಆಡಿದಳು.

ನಾನು ಚಪ್ಪಾಳೆ ತಟ್ಟಿದೆನೋ ಇಲ್ಲವೋ ನೆನಪಿಲ್ಲ. ಪೆನ್ನು ಕೈಯಲ್ಲೇ ಇತ್ತು.

ಡಿಸೆಂಬರ್ 8, ಸೋಮವಾರ

ದಾನೇಶ್ವರಿಗೆ ಎ! ಸೀಟು ಉಳಿಯಿತು. ದೇವಕ್ಕ ಶಾಲೆಗೆ ಶೇಂಗಾ ಹೋಳಿಗೆ ಕಳಿಸಿದ್ದರು, ದರ್ಬಾರ್ ಒಂದೇ ಬಿಡುವಿನಲ್ಲಿ ಮುಗಿಸಿತು.

ವಿಚಿತ್ರ ಅಂದರೆ ನನಗೂ ಬಿ ಬಂದಿದೆ. ಏನೋ ತಪ್ಪಾಗಿದೆ ಅಂತ ಮಿಸ್ ಹತ್ತಿರ ಹೋದೆ. "ಮಿಸ್, ನಾನು ಆ್ಯಕ್ಟ್ ಮಾಡಲೇ ಇಲ್ಲವಲ್ಲ, ನನ್ನ ಸರದಿ ಇನ್ನೂ ಬಂದೇ ಇಲ್ಲವಲ್ಲ? ಅವಳಿಗೆ ಸಹಾಯಕ್ಕೆ ಕೂತಿದ್ದೆ ಅಷ್ಟೇ."

"ಜೋಡಿ ದೃಶ್ಯ ಅದು, ಇಬ್ಬರಿಗೂ ಮಾರ್ಕ್ಸ್. ಪರೀಕ್ಷಕರು ಏನಂದ್ರು ಗೊತ್ತೇನು? ಆ ಸೆಕ್ರೆಟರಿ ಹುಡುಗಿ ಬೆನ್ನು ಹಾಕಿ ಕುಂತರೂ ಇಡೀ ಮೈಯಿಂದ ಕೇಳಾಕತ್ತಿದ್ಳು ಅಂದ್ರು." ಮಿಸ್ ನಕ್ಕರು. "ಇನ್ನೊಂದು ಡಿ ಬಂದಿದ್ರ ನಿನ್ನ ಸೀಟೂ ಹೋಗ್ತಿತ್ತಲ್ಲವಾ ಹುಚ್ಚಿ."

ಸಂಜೆ ದಾನೇಶ್ವರಿಯ ಜೊತೆ ಸ್ಟೇಷನ್ನಿನವರೆಗೆ ನಡೆದೆ. "ನೋಡಿದೆಯಾ, ನನ್ನ ಸಪೋರ್ಟ್ ಕೆಲಸ ಮಾಡ್ತು," ಅಂದೆ.

ಅವಳು ನಿಂತಲ್ಲೇ ನಕ್ಕಳು. ಅತ್ತಿತ್ತ ಹೋಗುವವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಏ ಧಾತ್ರಿ, ಮಿಸ್ ನವೆಂಬರ್‌ದಾಗ ನನ್ನನ್ನೂ ಕರದಿದ್ರು. 'ಆ ಹುಡುಗಿ ಡಿ ತಗೊಂಡು ಹಿಂದ ಬಿದ್ದಾಳ, ರೋಶನ್ ಬಿಟ್ರ ಆಕಿ ಕಣ್ಣಿಗಿ ಏನೂ ಕಾಣಂಗಿಲ್ಲ, ನೀ ಸ್ವಲ್ಪ ನೋಡ್ಕೋ' ಅಂದಿದ್ರು. ಅದಕ್ಕs ನಿನ್ನ ಆ ಕಡ್ಡಿ, ಬ್ಯಾನರ್ ಎಲ್ಲಾ ತಡಕೊಂಡೀನಿ."

ಮನೆಗೆ ಬಂದು ಫೋನ್ ನೋಡಿದೆ. ಶುಕ್ರವಾರದಿಂದ ರೋಶನ್‌ನ ಒಂದು ಮೆಸೇಜ್ ಬಂದು ಬಿದ್ದಿದೆ: ಹಾಯ್, ಆವತ್ತು ನನ್ನನ್ನು ತಿರುಗು ಅಂದವಳು ನೀನೇ ತಾನೆ? ನಾಳೆ ಉತ್ತರ ಕೊಟ್ಟರಾಯಿತು. ಈಗ ಅದಲ್ಲ ನನ್ನ ತಲೆಯಲ್ಲಿರುವುದು.

ಡೈರಿ, ನವೆಂಬರ್ ನಾಲ್ಕರಿಂದ ಎಲ್ಲವನ್ನೂ ನಿನಗೆ ಹೇಳಿದ್ದೇನೆ, ಒಂದನ್ನೂ ಮುಚ್ಚಿಟ್ಟಿಲ್ಲ. ನಿನಗೆ ಮೊದಲೇ ಗೊತ್ತಾಗಿತ್ತು, ಅಲ್ಲವಾ? ಹಾಗಾದರೆ ಗೋಡೆ ಕಡೆ ತಿರುಗಬೇಡ. ದಾನೇಶ್ವರಿ, ನಾನು, ನಮ್ಮಿಬ್ಬರಲ್ಲಿ ಹಿಂದೆ ಬಿದ್ದವಳು ಯಾರು, ಸಾಥಿ ಯಾರು, ನನ್ನ ಮುಖ ನೋಡಿ ಹೇಳ್ತೀಯಾ?